ಅಮೆರಿಕದ ಚುನಾವಣೆ: ಒಡೆದಿರುವುದು ಜನರೋ, ಎಣಿಕೆಯ ಕ್ರಮವೋ?

ತುಂಗಾತೀರ

ನಮಸ್ಕಾರ. 2024ರ ಸೆಪ್ಟೆಂಬರಿನಿಂದ ಆರು ತಿಂಗಳು ನಾನು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾದ ಉತ್ತರಕ್ಕಿರುವ ಬಕ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹದು) ಮಗಳ ಮನೆಯಲ್ಲಿದ್ದೆ. ಮತದಾನದ ಹಕ್ಕಿಲ್ಲದ, ಯಾವ ಪಕ್ಷದ ಹಂಗೂ ಇಲ್ಲದ ಹೊರಗಿನವನಾಗಿ ಅಲ್ಲಿಯ ಅಧ್ಯಕ್ಷೀಯ ಚುನಾವಣೆಯೊಂದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಂಜೆ ನಡೆಯಲು ಹೋದಾಗ ಮನೆಯಂಗಳಗಳಲ್ಲಿ ನೆಟ್ಟ ಫಲಕಗಳನ್ನು ಓದುವುದು ರೂಢಿಯಾಯಿತು. ಒಂದು ಅಂಗಳದಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಹೆಸರು, ಬೇಲಿಯಾಚೆಗಿನ ಅಂಗಳದಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯಾರಿಸ್ ಹೆಸರು. ಎರಡೂ ಮನೆಗಳ ಮೆಟ್ಟಿಲ ಮೇಲೆ ಅಕ್ಟೋಬರಿನ ಕುಂಬಳಕಾಯಿಗಳನ್ನು ಒಂದೇ ರೀತಿಯಲ್ಲಿ ಜೋಡಿಸಿಟ್ಟಿದ್ದರು. ಹದಿನೈದು ವರ್ಷ ಒಬ್ಬರ ಬಾಗಿಲ ಹಿಮವನ್ನು ಇನ್ನೊಬ್ಬರು ಗೋರಿ ಕೊಟ್ಟಿದ್ದ ಆ ಎರಡು ಮನೆಯವರು ಈಗ ಮುಖ ಕೊಟ್ಟು ಮಾತನಾಡುವುದಿಲ್ಲ ಎಂದು ಮಗಳು ಹೇಳಿದಾಗ ನನಗೆ ಸಂಕಟವಾಯಿತು.

ಮೂವತ್ತು ವರ್ಷ ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿ, ಹಲವು ಸಲ ಚುನಾವಣಾ ಕರ್ತವ್ಯಕ್ಕೆ ಹೋದವನಿಗೆ ಜಗಳ ಹೊಸದಲ್ಲ. ಆದರೆ ನಮ್ಮಲ್ಲಿ ಜಗಳಕ್ಕೆ ಹಲವು ಗೆರೆಗಳಿವೆ. ಜಾತಿಯ ಗೆರೆಯನ್ನು ಊರಿನ ಗೆರೆ ಅಡ್ಡ ಹಾಯುತ್ತದೆ, ಊರಿನ ಗೆರೆಯನ್ನು ನೀರಿನ ಗೆರೆ, ಅದನ್ನು ನೆಂಟಸ್ತಿಕೆಯ ಗೆರೆ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ನಮ್ಮ ಮತದಾರರು, ಮೂರು ತಿಂಗಳು ತುಂಬುವ ಮೊದಲೇ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನ ಕೊಟ್ಟರು. ಅಮೆರಿಕದಲ್ಲಿ ಎಲ್ಲ ಗೆರೆಗಳೂ ಒಂದರ ಮೇಲೊಂದು ಬಂದು ಕೂತಂತೆ ನನಗೆ ಕಂಡಿತು. ಒಬ್ಬ ಬಿಳಿಯ ಮತದಾರನು ವಾರಕ್ಕೊಮ್ಮೆ ಚರ್ಚಿಗೆ ಹೋಗುತ್ತಾನೆಯೇ, ಕಾಲೇಜು ಮುಗಿಸಿದ್ದಾನೆಯೇ, ಪೇಟೆಯವನೇ, ಹಳ್ಳಿಯವನೇ ಎಂಬ ಮೂರು ಸಂಗತಿ ತಿಳಿದರೆ ಅವನ ಮತವನ್ನು ಬಹುಪಾಲು ಊಹಿಸಬಹುದು ಎಂದು ಅಲ್ಲಿಯವರೇ ಹೇಳುತ್ತಾರೆ.

ಹೀಗಾಗಿ ನನ್ನ ಪ್ರಶ್ನೆ: ಜನರೇ ಎರಡಾಗಿ ಒಡೆದಿದ್ದಾರೆಯೋ, ಅಥವಾ ಅವರ ಚುನಾವಣೆಯ ಕ್ರಮವು ಅವರನ್ನು ಎರಡಾಗಿಯೇ ಎಣಿಸುತ್ತದೆಯೋ? ಅಲ್ಲಿ ನೆಲೆಸಿದವರು ದಯವಿಟ್ಟು ತಿಳಿಸಬೇಕು.

ಮೂರು ನದಿ

ನಾನು ಪಿಟ್ಸ್‌ಬರ್ಗಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಪೌರತ್ವ ಪಡೆದ ಮೇಲೆ ಮೂರು ಅಧ್ಯಕ್ಷೀಯ ಚುನಾವಣೆಗಳಲ್ಲಿ ಮತ ಹಾಕಿದ್ದೇನೆ. ನನ್ನ ಉತ್ತರ ಸ್ಪಷ್ಟವಾಗಿದೆ: ಎಣಿಕೆಯ ಕ್ರಮವೇ ಮುಖ್ಯ ಕಾರಣ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ಕಳಿಸುವ ಪ್ರತಿನಿಧಿಗಳಿಗೆ ಎಲೆಕ್ಟರುಗಳೆಂದು ಹೆಸರು; ಒಟ್ಟು 538 ಎಲೆಕ್ಟರುಗಳಲ್ಲಿ 270 ಮಂದಿ ಸಿಕ್ಕವರು ಅಧ್ಯಕ್ಷರಾಗುತ್ತಾರೆ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ರಾಜ್ಯದ ಎಲ್ಲ ಎಲೆಕ್ಟರುಗಳೂ ಸೇರುತ್ತಾರೆ. 2024ರಲ್ಲಿ ನಮ್ಮ ಪೆನ್ಸಿಲ್ವೇನಿಯಾದಲ್ಲಿ ಸುಮಾರು 70 ಲಕ್ಷ ಮತಗಳು ಬಿದ್ದವು, ಅಂತರ 1.2 ಲಕ್ಷ, ಆದರೆ 19 ಎಲೆಕ್ಟರುಗಳೂ ಒಂದೇ ಕಡೆಗೆ ಹೋದರು. ನಕ್ಷೆಯಲ್ಲಿ ಇಡೀ ರಾಜ್ಯ ರಿಪಬ್ಲಿಕನ್ನರ ಬಣ್ಣವಾದ ಕೆಂಪಾಯಿತು. ನಾಲ್ಕು ವರ್ಷ ಹಿಂದೆ ಇದೇ ರಾಜ್ಯ, ಇವೇ ಜನ, ಡೆಮಾಕ್ರಟರ ಬಣ್ಣವಾದ ನೀಲಿಯಾಗಿತ್ತು.

ಕೆಂಪು ಎನ್ನುವ ಟೆಕ್ಸಸ್ಸಿನಲ್ಲಿ 2020ರಲ್ಲಿ ಬೈಡನ್ ಅವರಿಗೆ 52 ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ನೀಲಿ ಎನ್ನುವ ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷ ಟ್ರಂಪ್ ಅವರಿಗೆ 60 ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ಈ ಒಂದು ಕೋಟಿಗೂ ಮೀರಿದ ಜನ ನಕ್ಷೆಯಲ್ಲಿ ಕಾಣುವುದೇ ಇಲ್ಲ, ಅವರ ಮನೆಬಾಗಿಲಿಗೆ ಯಾವ ಅಭ್ಯರ್ಥಿಯೂ ಬರುವುದಿಲ್ಲ. ಪ್ರಚಾರವೆಲ್ಲ ಯಾವ ಕಡೆಗಾದರೂ ವಾಲಬಹುದಾದ ಏಳು ರಾಜ್ಯಗಳಲ್ಲಿ ನಡೆಯುತ್ತದೆ. ನೀವು ಇಳಿದುಕೊಂಡದ್ದು ಅಂತಹ ರಾಜ್ಯದಲ್ಲಿ, ಅದರಲ್ಲಿಯೂ ಕೂದಲೆಳೆಯ ಅಂತರದಲ್ಲಿ ವಾಲಿದ ಕೌಂಟಿಯಲ್ಲಿ. ಒಂದೇ ಪಕ್ಷದತ್ತ ವಾಲಿದ ವ್ಯೋಮಿಂಗಿನಲ್ಲೋ ವರ್ಮಾಂಟಿನಲ್ಲೋ ಇದ್ದಿದ್ದರೆ ನಿಮಗೆ ಬೇರೆಯದೇ ಅಮೆರಿಕ ಕಾಣುತ್ತಿತ್ತು.

ಹಳೆಯ ಕಡತ

ಮೂರು ನದಿಯವರ ಅಂಕಿಗಳು ಸರಿಯಾಗಿವೆ, ತರ್ಕ ಸರಿಯಾಗಿಲ್ಲ. ಗೆದ್ದವರಿಗೆ ಎಲ್ಲವೂ ಎಂಬ ಈ ಪದ್ಧತಿ 1830ರ ದಶಕದ ಹೊತ್ತಿಗೇ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಿಗೂ ಹರಡಿತ್ತು. ಅದೇ ಪದ್ಧತಿಯಲ್ಲಿ 1972ರಲ್ಲಿ ನಿಕ್ಸನ್ 49 ರಾಜ್ಯ ಗೆದ್ದರು, 1984ರಲ್ಲಿ ರೇಗನ್ 49 ರಾಜ್ಯ ಗೆದ್ದರು. ಕ್ರಮ ಅದೇ ಇದ್ದು ಫಲ ಬೇರೆಯಾಗಿದ್ದರೆ ಕಾರಣವನ್ನು ಕ್ರಮದ ಹೊರಗೆ ಹುಡುಕಬೇಕಾಗುತ್ತದೆ.

ಆ ಕಾರಣ 1964 ಮತ್ತು 1965ರಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅಂತರ್ಯುದ್ಧದ ನಂತರ ಸುಮಾರು ನೂರು ವರ್ಷ ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದವರಾಗಿದ್ದರು, ಏಕೆಂದರೆ ರಿಪಬ್ಲಿಕನ್ ಎಂದರೆ ಲಿಂಕನ್ನರ ಪಕ್ಷ. ಹೀಗಾಗಿ ಒಂದೇ ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಮಿಕ ನಾಯಕನೂ ಇದ್ದ, ದಕ್ಷಿಣದ ವರ್ಣಭೇದವಾದಿಯೂ ಇದ್ದ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೂ ಮರುವರ್ಷ ಮತದಾನದ ಹಕ್ಕುಗಳ ಕಾಯ್ದೆಗೂ ಸಹಿ ಹಾಕಿದ ಮೇಲೆ ಆ ಬೆಸುಗೆ ಬಿಟ್ಟಿತು. ಸೌತ್ ಕ್ಯಾರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ 1964ರಲ್ಲಿಯೇ ಪಕ್ಷ ಬದಲಿಸಿದರು. ಸಾಮಾನ್ಯ ಮತದಾರರು ಬದಲಾಗಲು ಒಂದು ತಲೆಮಾರು ಹಿಡಿಯಿತು. ತುಂಗಾತೀರ ಅವರು ನೋಡಿದ ಗೆರೆಗಳ ಮೇಲಿನ ಗೆರೆ ಆ ಮೂವತ್ತು ವರ್ಷಗಳಲ್ಲಿ ಮೂಡಿದ್ದು.

ಇದರಲ್ಲಿ ನೋವಿನ ಸಂಗತಿಯೊಂದಿದೆ. ಪಕ್ಷಗಳು ಬೆರಕೆಯಾಗಿದ್ದ ಕಾಲದ ಶಾಂತಿಯನ್ನು ಇಂದು ಹೊಗಳುವವರು, ಆ ಶಾಂತಿ ನಿಂತಿದ್ದುದು ದಕ್ಷಿಣದ ಲಕ್ಷಾಂತರ ಕಪ್ಪು ಜನರಿಗೆ ಮತವನ್ನೇ ಕೊಡದಿದ್ದುದರ ಮೇಲೆ ಎಂಬುದನ್ನು ಮರೆಯುತ್ತಾರೆ.

ಕಲ್ಲಿದ್ದಲ ನಾಡು

ಹಾಗಾದರೆ ವೆಸ್ಟ್ ವರ್ಜೀನಿಯಾವನ್ನು ಹೇಗೆ ವಿವರಿಸುತ್ತೀರಿ?

ಹಳೆಯ ಕಡತ

ನಿಮ್ಮ ಪ್ರಶ್ನೆಯ ಆಶಯವೇನು? ಅದೂ ಮೊದಲು ಡೆಮಾಕ್ರಟಿಕ್ ಆಗಿದ್ದು ಈಗ ರಿಪಬ್ಲಿಕನ್ ಆದ ರಾಜ್ಯವೇ ತಾನೆ?

ಕಲ್ಲಿದ್ದಲ ನಾಡು

ಹೌದು, ಆದರೆ ನಿಮ್ಮ ಕಾರಣಕ್ಕಾಗಿ ಅಲ್ಲ. ನಾನು ವೈದ್ಯೆ. ಆ ರಾಜ್ಯದ ದಕ್ಷಿಣ ಭಾಗದ ಗಣಿ ಊರೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಂತರ್ಯುದ್ಧದ ನಡುವೆ, 1863ರಲ್ಲಿ, ವರ್ಜೀನಿಯಾದಿಂದ ಬೇರೆಯಾಗಿ ಉತ್ತರದ ಪಕ್ಷ ವಹಿಸಿದ ನೆಲ ಅದು. ದಕ್ಷಿಣದ ತೋಟದೊರೆಗಳ ಕಥೆ ಅದಕ್ಕೆ ಹೊಂದುವುದಿಲ್ಲ. ಅಲ್ಲಿ ಡೆಮಾಕ್ರಟಿಕ್ ಪಕ್ಷವೆಂದರೆ ಗಣಿಕಾರ್ಮಿಕರ ಸಂಘ. 1996ರಲ್ಲಿಯೂ ಬಿಲ್ ಕ್ಲಿಂಟನ್ ಅಲ್ಲಿ ಸುಮಾರು 15 ಶೇಕಡಾ ಅಂಶಗಳ ಅಂತರದಿಂದ ಗೆದ್ದರು. ಅದೇ ರಾಜ್ಯದಲ್ಲಿ ಇಪ್ಪತ್ತು ವರ್ಷಗಳ ನಂತರ ಟ್ರಂಪ್ ಸುಮಾರು 42 ಶೇಕಡಾ ಅಂಶಗಳ ಅಂತರದಿಂದ ಗೆದ್ದರು. 1964ರಿಂದ 1996ರವರೆಗೆ ಹೆಚ್ಚು ಅಲುಗಾಡದಿದ್ದ ಜನ ಆಮೇಲೆ ಏಕೆ ಹೊರಟುಹೋದರು?

ನನ್ನ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮುದುಕರೊಬ್ಬರ ತಂದೆ, ತಾತ ಇಬ್ಬರೂ ಗಣಿಯಲ್ಲಿ ದುಡಿದವರು, ಸಂಘದ ಸದಸ್ಯರು. ಅವರ ಮನೆಯ ಗೋಡೆಯಲ್ಲಿ ಜಾನ್ ಕೆನಡಿಯವರ ಚಿತ್ರವಿತ್ತು. ಗಣಿ ಮುಚ್ಚಿತು, ಮಗ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು ತೀರಿಕೊಂಡ, ಊರಿನ ಪ್ರೌಢಶಾಲೆಯನ್ನು ಪಕ್ಕದೂರಿನದರ ಜೊತೆ ಸೇರಿಸಿದರು. ಅವರು ನನಗೆ ಹೇಳಿದ ಮಾತು ಇಷ್ಟೇ: ನಮ್ಮ ಪಕ್ಷದವರು ನಮ್ಮನ್ನು ಮುಗಿದುಹೋದ ಜನ ಎಂದುಕೊಂಡಿದ್ದಾರೆ. ಈ ಮಾತು ನ್ಯಾಯವೋ ಅನ್ಯಾಯವೋ ಬೇರೆ ವಿಚಾರ. ಆದರೆ ಅಂತಹ ಮನುಷ್ಯನನ್ನು ವರ್ಣದ್ವೇಷಿ ಎಂಬ ಒಂದೇ ಪದದಿಂದ ಅಳೆದರೆ ನನಗೆ ಸಿಟ್ಟು ಬರುತ್ತದೆ.

ಹಳೆಯ ಕಡತ

ನಾನು ಆ ಪದವನ್ನು ಬಳಸಿಲ್ಲ. ಆದರೂ ನಿಮ್ಮ ಆಕ್ಷೇಪದ ತಿರುಳನ್ನು ಒಪ್ಪುತ್ತೇನೆ. ದಕ್ಷಿಣಕ್ಕೆ ಒಂದು ಕಾರಣ, ಕಲ್ಲಿದ್ದಲಿನ ಕಣಿವೆಗಳಿಗೆ ಇನ್ನೊಂದು ಕಾರಣ ಇದ್ದು, ಎರಡೂ ಒಂದೇ ದಿಕ್ಕಿಗೆ ಹರಿದವು ಎಂದು ತಿದ್ದಿಕೊಳ್ಳುತ್ತೇನೆ.

ಬಯಲುಸೀಮೆ

ಎಲ್ಲರೂ ದೊಡ್ಡ ಇತಿಹಾಸ ಹೇಳುತ್ತಿದ್ದೀರಿ. ಕಣ್ಣೆದುರಿನ ಕಾರಣ ಟಿವಿ ಮತ್ತು ಮೊಬೈಲು. ವಿವಾದದ ಎರಡೂ ಮಗ್ಗುಲುಗಳನ್ನು ತೋರಿಸಬೇಕೆಂಬ ಪ್ರಸಾರದ ನಿಯಮವನ್ನು 1987ರಲ್ಲಿ ತೆಗೆದುಹಾಕಿದರು. 1996ರಲ್ಲಿ ಫಾಕ್ಸ್ ನ್ಯೂಸ್ ಮತ್ತು ಎಂಎಸ್‌ಎನ್‌ಬಿಸಿ ಎರಡೂ ಆರಂಭವಾದವು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಸತ್ಯವಾಯಿತು.

ರಾಜ್ಯಶಾಸ್ತ್ರದ ವಿದ್ಯಾರ್ಥಿ

ಒಂದು ತಿದ್ದುಪಡಿ. ಆ ನಿಯಮ ಅನ್ವಯಿಸುತ್ತಿದ್ದುದು ಸರ್ಕಾರದ ಪರವಾನಗಿ ಪಡೆದು ಗಾಳಿಯ ತರಂಗಗಳಲ್ಲಿ ಪ್ರಸಾರ ಮಾಡುವ ರೇಡಿಯೋ ಮತ್ತು ಟಿವಿ ಕೇಂದ್ರಗಳಿಗೆ. ನೀವು ಹೆಸರಿಸಿದ ಎರಡೂ ಕೇಬಲ್ ವಾಹಿನಿಗಳು. ನಿಯಮ ಉಳಿದಿದ್ದರೂ ಅವುಗಳ ಬಳಿಗೆ ಅದು ಹೋಗುತ್ತಿರಲಿಲ್ಲ ಎಂದು ಹೇಳಲು ಬಲವಾದ ಆಧಾರವಿದೆ. ನಿಯಮ ಹೋದದ್ದರಿಂದ ನಿಜವಾಗಿ ಬೆಳೆದದ್ದು ರೇಡಿಯೋದ ರಾಜಕೀಯ ಹರಟೆ.

ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡದ್ದು ಇನ್ನೊಂದು ಮಾಪನ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವಾಗುತ್ತದೆಯೇ ಎಂದು 1960ರಲ್ಲಿ ಕೇಳಿದಾಗ, ಹೌದು ಎಂದವರು ಎರಡೂ ಪಕ್ಷಗಳಲ್ಲಿ ಶೇಕಡಾ 5ರ ಆಸುಪಾಸಿನಲ್ಲಿದ್ದರು. 2010ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಹೌದು ಎಂದರು. ಇದು ಟ್ರಂಪ್ ರಾಜಕೀಯಕ್ಕೆ ಬರುವ ಐದು ವರ್ಷ ಮೊದಲಿನ ಮಾತು ಎಂಬುದನ್ನು ಗಮನಿಸಬೇಕು. ಪಕ್ಷವು ಅಲ್ಲಿ ನಮ್ಮ ಜಾತಿಯ ಕೆಲಸವನ್ನು ಮಾಡಲು ಆರಂಭಿಸಿದೆ: ಯಾರೊಡನೆ ಉಣ್ಣಬೇಕು, ಯಾರೊಡನೆ ಕೊಟ್ಟು ತರಬೇಕು ಎಂಬುದನ್ನು ಅದು ನಿರ್ಧರಿಸುತ್ತಿದೆ.

ಗಡಿನಾಡು

ಕೊನೆಯ ವಾಕ್ಯ ನನ್ನ ಮನಸ್ಸಿನಲ್ಲಿ ನಾಟಿತು. ಆದರೆ ಅದೇ ಕಾರಣಕ್ಕೆ ತುಂಗಾತೀರ ಅವರು ಕರ್ನಾಟಕದ ಬಗ್ಗೆ ಬರೆದದ್ದನ್ನು ಒಪ್ಪಲಾರೆ. ಮೇಷ್ಟ್ರೇ, ನಮ್ಮಲ್ಲಿ ಗೆರೆಗಳು ಅಡ್ಡ ಹಾಯುತ್ತವೆ ಎನ್ನುವುದು ಬಲಿಷ್ಠ ಜಾತಿಯವರ ಅನುಭವ. ಊರ ಹೊರಗಿನ ಕೇರಿಯವರಿಗೆ ನೀರು, ದೇವಸ್ಥಾನ, ಜಮೀನು, ಮತ ಎಲ್ಲದರಲ್ಲಿಯೂ ಒಂದೇ ಗೆರೆ ಎದುರಾಗುತ್ತದೆ. 1985ರ ಉದಾಹರಣೆ ನಿಜ. ಅದನ್ನು ನೀವು ಅಳೆದದ್ದು ಪಕ್ಷಗಳ ಲೆಕ್ಕದಲ್ಲಿ ಮಾತ್ರ.

ತುಂಗಾತೀರ

ನೀವು ಹೇಳಿದ್ದು ಸರಿಯಾಗಿದೆ. ನಾನು ಅದನ್ನು ಬರೆಯುವಾಗಲೇ ಕಾಣಬೇಕಿತ್ತು. ನನ್ನ ಹೋಲಿಕೆಯನ್ನು ಪಕ್ಷನಿಷ್ಠೆಗೆ ಮಾತ್ರ ಸೀಮಿತಗೊಳಿಸುತ್ತೇನೆ.

ಡೆಟ್ರಾಯಿಟ್ ನಿವಾಸಿ

ಯಾರೂ ಪ್ರೈಮರಿಯ ಮಾತೆತ್ತಲಿಲ್ಲವಲ್ಲ! ನಮ್ಮ ದೇಶದಲ್ಲಿ ಟಿಕೆಟ್ಟನ್ನು ಪಕ್ಷದ ವರಿಷ್ಠರು ಕೊಡುತ್ತಾರೆ. ಅದನ್ನು ನಾವು ಎಷ್ಟೋ ಬೈಯುತ್ತೇವೆ. ಅಮೆರಿಕದಲ್ಲಿ ಅಭ್ಯರ್ಥಿಯನ್ನು ಮತದಾರರೇ ಒಳಚುನಾವಣೆಯಲ್ಲಿ ಆರಿಸುತ್ತಾರೆ. ಕೇಳಲು ಇದು ಹೆಚ್ಚು ಪ್ರಜಾಸತ್ತಾತ್ಮಕವಾಗಿದೆ. ಆದರೆ ಆ ಮತಗಟ್ಟೆಗೆ ಬರುವವರು ಕಡಿಮೆ, ಬರುವವರಲ್ಲಿ ಕಟ್ಟಾಳುಗಳೇ ಹೆಚ್ಚು, ಮತ್ತು ಬಹುಪಾಲು ಕ್ಷೇತ್ರಗಳು ಒಂದೇ ಪಕ್ಷಕ್ಕೆ ಮೀಸಲಾದಂತೆ ಇರುವುದರಿಂದ ನಿಜವಾದ ಚುನಾವಣೆ ಅಲ್ಲಿಯೇ ಮುಗಿದುಹೋಗುತ್ತದೆ.

ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರು ಡೆಟ್ರಾಯಿಟ್ ಭಾಗದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದದ್ದು ಹೇಗೆ ಎಂದು ನೋಡಿ. 2022ರ ಆಗಸ್ಟಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಲವರ ನಡುವೆ ಹಂಚಿಹೋಗಿ, ಅವರು ಮೂರನೇ ಒಂದಕ್ಕಿಂತ ಕಡಿಮೆ ಮತ ಪಡೆದು ಗೆದ್ದರು. ಆ ಕ್ಷೇತ್ರದಲ್ಲಿ ನವೆಂಬರಿನ ಚುನಾವಣೆ ಡೆಮಾಕ್ರಟರಿಗೆ ಬರಿಯ ವಿಧಿ. ಇದು ಅವರ ತಪ್ಪಲ್ಲ, ಕ್ರಮವೇ ಹಾಗಿದೆ. ಇನ್ನೊಂದು ಪಕ್ಷದ ಕಡೆಯದು ಇನ್ನೂ ಕಠಿಣವಾದ ಉದಾಹರಣೆ. 2021ರ ಜನವರಿಯಲ್ಲಿ ಟ್ರಂಪ್ ಅವರ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ರಿಪಬ್ಲಿಕನ್ ಸದಸ್ಯರಲ್ಲಿ ನಾಲ್ವರು ಮರುಸ್ಪರ್ಧೆಯನ್ನೇ ಬಿಟ್ಟರು, ಲಿಜ್ ಚೇನಿ ಸೇರಿ ನಾಲ್ವರು ಪ್ರೈಮರಿಯಲ್ಲಿ ಸೋತರು, ಇಬ್ಬರು ಮಾತ್ರ ಮರಳಿ ಬಂದರು. ಇದನ್ನು ಕಂಡ ಉಳಿದ ಸದಸ್ಯರು ಎದುರು ಪಕ್ಷದೊಡನೆ ಕೈಜೋಡಿಸಲು ಏಕೆ ಹೆದರುತ್ತಾರೆ ಎಂದು ಕೇಳಬೇಕಾಗಿಲ್ಲ. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕನನ್ನು ಕಟ್ಟಿಹಾಕುತ್ತದೆ. ಅಂತಹ ಕಾಯ್ದೆ ಇಲ್ಲದ ಅಮೆರಿಕದಲ್ಲಿ ಪ್ರೈಮರಿಯ ಭಯ ಅದೇ ಕೆಲಸ ಮಾಡುತ್ತದೆ.

ಮೂರು ನದಿ

ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. ಕ್ಷೇತ್ರಗಳು ಮೀಸಲಾದಂತೆ ಇರಲು ಒಂದು ಕಾರಣ ಹೆಚ್ಚಿನ ಕಡೆ ಗಡಿಗಳನ್ನು ಆಯಾ ರಾಜ್ಯದ ಶಾಸಕರೇ ಎಳೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಲಮಾಂಡರ್ ಎಂಬ ಹಲ್ಲಿಯಂತಹ ಪ್ರಾಣಿಯ ಆಕಾರದಲ್ಲಿತ್ತೆಂದು ಜೆರಿಮ್ಯಾಂಡರಿಂಗ್ ಎಂಬ ಹೆಸರೇ ಹುಟ್ಟಿತು. ಪಕ್ಷದ ಲಾಭಕ್ಕಾಗಿ ಹೀಗೆ ಗಡಿ ಎಳೆದರೆ ಕೇಂದ್ರದ ನ್ಯಾಯಾಲಯಗಳು ವಿಚಾರಣೆ ಮಾಡಲಾರವು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿಬಿಟ್ಟಿತು. 2025ರ ಆಗಸ್ಟಿನಲ್ಲಿ ಟೆಕ್ಸಸ್ ಜನಗಣತಿಗೂ ಕಾಯದೆ ನಕ್ಷೆ ಬದಲಿಸಿತು. ಪ್ರತಿಯಾಗಿ ಕ್ಯಾಲಿಫೋರ್ನಿಯಾ ತನ್ನ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಡಲು ನವೆಂಬರಿನಲ್ಲಿ ಜನಮತ ಪಡೆಯಿತು. ಇದುವರೆಗೆ ಆಯೋಗವನ್ನು ಕಾಪಾಡಿದ್ದವರೇ ಅದನ್ನು ಬದಿಗಿಟ್ಟದ್ದು ನನಗೆ ಅತ್ಯಂತ ದುಃಖದ ಸಂಗತಿ.

ಗಡಿನಾಡು

ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣೆಯನ್ನು ಆಯೋಗ ಮಾಡುತ್ತದೆ ಎಂಬ ನೆಮ್ಮದಿ ಇದೆ. ಆದರೆ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು ಇಂದಿಗೂ 1971ರ ಜನಗಣತಿಯ ಮೇಲೆ ನಿಂತಿದೆ, ಮತ್ತು ಅದು ಬದಲಾದರೆ ದಕ್ಷಿಣದ ರಾಜ್ಯಗಳ ದನಿ ಕುಗ್ಗುತ್ತದೆಂಬ ಆತಂಕ ಕರ್ನಾಟಕದಲ್ಲಿಯೂ ಇದೆ. ಆರು ಲಕ್ಷ ಜನರೂ ಇಲ್ಲದ ವ್ಯೋಮಿಂಗಿಗೂ ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಗೂ ಎರಡೆರಡೇ ಸೆನೆಟರ್ ಸ್ಥಾನ ಎಂಬುದನ್ನು ಓದಿದಾಗಲೆಲ್ಲ ನನಗೆ ಎರಡೂ ಕಡೆಯ ನ್ಯಾಯ ಕಾಣುತ್ತದೆ.

ಮರಳುಗಾಡಿನ ಮಗಳು

ಅರಿಜೋನಾದಿಂದ ಬರೆಯುತ್ತಿದ್ದೇನೆ. ನೀವೆಲ್ಲ ವಿಭಜನೆಯ ಕಾರಣ ಹುಡುಕುತ್ತಿದ್ದೀರಿ, ವಿಭಜನೆ ಎಷ್ಟಿದೆ ಎಂದು ಯಾರೂ ಕೇಳುತ್ತಿಲ್ಲ. 2024ರಲ್ಲಿ ನಮ್ಮ ರಾಜ್ಯ ಟ್ರಂಪ್ ಅವರನ್ನು ಆರಿಸಿ, ಅದೇ ಮತಪತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ರೂಬೆನ್ ಗಲೆಗೋ ಅವರನ್ನು ಸೆನೆಟಿಗೆ ಕಳಿಸಿತು. ಮಿಷಿಗನ್, ವಿಸ್ಕಾನ್ಸಿನ್, ನೆವಾಡಾಗಳಲ್ಲಿಯೂ ಹೀಗೆಯೇ ಆಯಿತು. ಟ್ರಂಪ್ ಅವರಿಗೆ ದೊಡ್ಡ ಬಹುಮತ ಕೊಟ್ಟ ಮಿಸೌರಿಯ ಜನ ಅದೇ ದಿನ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು, ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸಲು ಒಪ್ಪಿದರು. 2020ರಲ್ಲಿ ಫ್ಲಾರಿಡಾ ಟ್ರಂಪ್ ಅವರನ್ನೂ 15 ಡಾಲರ್ ಕೂಲಿಯನ್ನೂ ಒಟ್ಟಿಗೆ ಗೆಲ್ಲಿಸಿತ್ತು. ಪಕ್ಷದ ಹೆಸರಿಲ್ಲದೆ ವಿಷಯವನ್ನು ಮುಂದಿಟ್ಟರೆ ಇದೇ ಜನ ಗೆರೆ ದಾಟುತ್ತಾರೆ. ಹಾಗಾಗಿ ಮೇಷ್ಟ್ರೇ, ಬಕ್ಸ್ ಕೌಂಟಿಯ ಆ ಎರಡು ಮನೆಯವರು ಕೂಲಿ, ಔಷಧದ ಬೆಲೆ, ಶಾಲೆಯ ವಿಚಾರವಾಗಿ ಕೂತು ಮಾತನಾಡಿದರೆ ಅರ್ಧಕ್ಕಿಂತ ಹೆಚ್ಚನ್ನು ಒಪ್ಪಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಅವರನ್ನು ಒಡೆದಿರುವುದು ಅಂಗಳದ ಫಲಕದ ಮೇಲಿನ ಹೆಸರು.

ಡೆಟ್ರಾಯಿಟ್ ನಿವಾಸಿ

ಗೆರೆ ದಾಟಿದವರು ಶೇಕಡಾ ಎರಡೋ ಮೂರೋ ಇರಬಹುದು. ಅಂತರ ಚಿಕ್ಕದಾದ್ದರಿಂದ ಅವರು ದೊಡ್ಡವರಾಗಿ ಕಾಣುತ್ತಾರೆ.

ಮರಳುಗಾಡಿನ ಮಗಳು

ಸೆನೆಟ್ ವಿಷಯದಲ್ಲಿ ನಿಮ್ಮ ಮಾತು ನಿಜ. ಮಿಸೌರಿಯ ಕೂಲಿಯ ವಿಷಯದಲ್ಲಿ ಅಲ್ಲ.

ರಾಜ್ಯಶಾಸ್ತ್ರದ ವಿದ್ಯಾರ್ಥಿ

ಒಪ್ಪಿದರೂ ಒಂದು ಭಯ ಉಳಿಯುತ್ತದೆ. ಕೂಲಿ ಎಷ್ಟಿರಬೇಕೆಂಬ ಜಗಳ ಬೇರೆ, ಎಣಿಕೆಯನ್ನೇ ನಂಬುವುದಿಲ್ಲವೆಂಬ ಜಗಳ ಬೇರೆ. 2000ದಲ್ಲಿ ಫ್ಲಾರಿಡಾದ ಅಂತರ 537 ಮತ. ಇಡೀ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್, ಮರುಎಣಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ ಮರುದಿನ ಸೋಲೊಪ್ಪಿ ಮಾತನಾಡಿದರು. 2008ರ ಪ್ರಚಾರದಲ್ಲಿ ಹೆಂಗಸೊಬ್ಬರು ಒಬಾಮ ಅವರನ್ನು ನಂಬಲಾಗುವುದಿಲ್ಲ, ಅವರು ಅರಬ್ ಎಂದಾಗ, ಒಬಾಮ ಅವರ ಎದುರಾಳಿ ಜಾನ್ ಮೆಕೇನ್ ಧ್ವನಿವರ್ಧಕವನ್ನು ಹಿಂದಕ್ಕೆ ಪಡೆದು, ಅವರು ಸಭ್ಯ ಗೃಹಸ್ಥರು, ನನಗೂ ಅವರಿಗೂ ಇರುವುದು ಭಿನ್ನಾಭಿಪ್ರಾಯ ಮಾತ್ರ ಎಂದು ಸ್ವಂತ ಬೆಂಬಲಿಗರ ಎದುರಿಗೇ ಹೇಳಿದರು. 2021ರ ಜನವರಿ 6ರಂದು ಎಲೆಕ್ಟರುಗಳ ಮತ ಎಣಿಸುತ್ತಿದ್ದ ಸಂಸತ್ ಭವನಕ್ಕೆ ಜನ ನುಗ್ಗಿದರು. ಈ ಇಳಿಜಾರಿಗೆ ಪ್ರೈಮರಿಯನ್ನೋ ನಕ್ಷೆಯನ್ನೋ ಮಾತ್ರ ಹೊಣೆ ಮಾಡಲಾಗದು; ಸೋತವರು ಏನು ಹೇಳುತ್ತಾರೆ ಎಂಬುದಕ್ಕೆ ಕಾಯ್ದೆಯಿಲ್ಲ.

ಬಯಲುಸೀಮೆ

ಅವರಿಗೂ ನಮ್ಮ ಚುನಾವಣಾ ಆಯೋಗದಂತಹ ಒಂದೇ ಸಂಸ್ಥೆ ಇದ್ದಿದ್ದರೆ ಈ ಅನುಮಾನ ಹುಟ್ಟುತ್ತಿರಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳು, ಒಂದೊಂದಕ್ಕೆ ಒಂದೊಂದು ಪದ್ಧತಿ. 2000ದಲ್ಲಿ ಫ್ಲಾರಿಡಾದ ಚುನಾವಣೆಯ ಉಸ್ತುವಾರಿ ಹೊತ್ತಿದ್ದ ಅಧಿಕಾರಿಯೇ ಆ ರಾಜ್ಯದಲ್ಲಿ ಗೋರ್ ಅವರ ಎದುರಾಳಿ ಬುಷ್ ಅವರ ಪ್ರಚಾರದ ಸಹ ಅಧ್ಯಕ್ಷೆ ಆಗಿದ್ದರು. ನಮ್ಮಲ್ಲಿ ಇದನ್ನು ಊಹಿಸಲು ಸಾಧ್ಯವೇ?

ಮೂರು ನದಿ

ನೀವು ಹೇಳಿದ ಹಿತಾಸಕ್ತಿಯ ಘರ್ಷಣೆ ನಿಜವಾದ ದೋಷ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಒಂದೇ ಸಂಸ್ಥೆ ಇದ್ದರೆ ಅನುಮಾನವೇ ಇರುವುದಿಲ್ಲ ಎಂಬುದನ್ನು ನಮ್ಮ ಮತಯಂತ್ರದ ವಿವಾದಗಳನ್ನು ನೋಡಿದ ಮೇಲೆ ಹೇಳಲಾಗದು.

ನಾನು 2020ರಲ್ಲಿಯೂ 2024ರಲ್ಲಿಯೂ ಇಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಪೆನ್ಸಿಲ್ವೇನಿಯಾದ ಕಾನೂನಿನಂತೆ ಅಂಚೆಯ ಮತಗಳನ್ನು ಚುನಾವಣೆಯ ದಿನ ಬೆಳಿಗ್ಗೆ 7ಕ್ಕೆ ಮೊದಲು ತೆರೆಯುವಂತಿಲ್ಲ. 2020ರಲ್ಲಿ ಕೊರೊನಾದಿಂದಾಗಿ ಅಂಚೆಯ ಮತಗಳು ರಾಶಿ ಬಿದ್ದವು, ಅವುಗಳಲ್ಲಿ ಡೆಮಾಕ್ರಟರದೇ ಹೆಚ್ಚು. ಮಂಗಳವಾರ ರಾತ್ರಿ ಟ್ರಂಪ್ ಮುಂದಿದ್ದರು, ಎಣಿಕೆ ಸಾಗಿದಂತೆ ಅಂತರ ಕರಗಿತು, ಶನಿವಾರ ಬೈಡನ್ ಗೆಲುವು ಘೋಷಣೆಯಾಯಿತು. ಹೀಗಾಗುತ್ತದೆ ಎಂದು ಮೊದಲೇ ತಿಳಿದಿದ್ದರೂ ಕಾನೂನನ್ನು ಬದಲಿಸುವ ಬಗ್ಗೆ ಎರಡು ಪಕ್ಷಗಳು ಒಮ್ಮತಕ್ಕೆ ಬರಲಿಲ್ಲ. ಆ ನಾಲ್ಕು ದಿನಗಳಲ್ಲಿ ಹುಟ್ಟಿದ ಅನುಮಾನ ಇಂದಿಗೂ ಜೀವಂತವಾಗಿದೆ.

ತುಂಗಾತೀರ

ಮತಗಟ್ಟೆಯ ಒಳಗೆ ಹೇಗಿರುತ್ತದೆ ಎಂದು ತಿಳಿಯುವ ಆಸೆ ನನಗೆ. ನಮ್ಮಲ್ಲಿ ಮತದಾನ ಮುಗಿದ ಮೇಲೆ ಎಲ್ಲ ಪಕ್ಷಗಳ ಏಜೆಂಟರ ಎದುರು ಯಂತ್ರಕ್ಕೆ ಮೊಹರು ಹಾಕಿ, ಚಲಾಯಿತ ಮತಗಳ ಲೆಕ್ಕದ ಪ್ರತಿಯನ್ನು ಅವರ ಕೈಗೆ ಕೊಟ್ಟು ಸಹಿ ಪಡೆಯುತ್ತಿದ್ದೆವು. ಬೆಳಗಿನಿಂದ ಕಿತ್ತಾಡಿದ ಏಜೆಂಟರು ಆ ಹೊತ್ತಿಗೆ ಒಂದೇ ಬುತ್ತಿಯ ಚಿತ್ರಾನ್ನ ತಿಂದಿರುತ್ತಿದ್ದರು. ಅಲ್ಲಿಯೂ ಎದುರು ಪಕ್ಷದವರು ಒಟ್ಟಿಗೆ ಕೂರುತ್ತಾರೆಯೇ?

ಮೂರು ನದಿ

ಕೂರಲೇಬೇಕು, ಕಾನೂನೇ ಹಾಗಿದೆ. ಪ್ರತಿ ಮತಗಟ್ಟೆಗೆ ಒಬ್ಬ ಚುನಾವಣಾ ನ್ಯಾಯಾಧಿಕಾರಿ, ಬಹುಮತದ ಕಡೆಯ ಒಬ್ಬ ಪರಿವೀಕ್ಷಕ, ಅಲ್ಪಮತದ ಕಡೆಯ ಒಬ್ಬ ಪರಿವೀಕ್ಷಕ ಇರುತ್ತಾರೆ. ಮೂವರೂ ಆ ಬಡಾವಣೆಯ ಮತದಾರರಿಂದ ನಾಲ್ಕು ವರ್ಷಕ್ಕೆ ಆರಿಸಿ ಬಂದವರು. ನಮ್ಮ ಮತಗಟ್ಟೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿದೆ. ಬೆಳಿಗ್ಗೆ ಆರಕ್ಕೆ ಬೀಗ ತೆಗೆದು ರಾತ್ರಿ ಎಂಟರವರೆಗೆ ಇರುತ್ತೇವೆ. ನಮ್ಮ ಅಲ್ಪಮತದ ಪರಿವೀಕ್ಷಕರು ಟ್ರಂಪ್ ಅವರ ಬೆಂಬಲಿಗರು, ನಿವೃತ್ತ ಉಕ್ಕಿನ ಕೆಲಸಗಾರರು. 2020ರ ಎಣಿಕೆಯ ಬಗ್ಗೆ ಅವರಿಗೆ ಅನುಮಾನವಿದೆ ಎಂದು ನನಗೆ ನೇರವಾಗಿಯೇ ಹೇಳಿದ್ದಾರೆ. ಆದರೆ ಈ ನೆಲಮಾಳಿಗೆಯಲ್ಲಿ ನಡೆದ ಎಣಿಕೆಯ ಬಗ್ಗೆ ಅವರಿಗೆ ಅನುಮಾನವಿಲ್ಲ, ಅನುಮಾನ ಇರುವುದು ಫಿಲಡೆಲ್ಫಿಯಾದ ಬಗ್ಗೆ. 2024ರಲ್ಲಿ ಎಂಟು ಗಂಟೆಗೆ ಬಾಗಿಲು ಮುಚ್ಚಿದ ಮೇಲೆ ಯಂತ್ರದಿಂದ ಬಂದ ಉದ್ದನೆಯ ಕಾಗದವನ್ನು ಅವರು ಒಂದು ತುದಿಯಲ್ಲಿ ಹಿಡಿದರು, ನಾನು ಇನ್ನೊಂದು ತುದಿಯಲ್ಲಿ ಹಿಡಿದೆ, ಇಬ್ಬರೂ ಅಂಕಿಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡಿ ಸಹಿ ಹಾಕಿದೆವು. ಅದರ ಒಂದು ಪ್ರತಿಯನ್ನು ದಾರಿಹೋಕರೂ ಓದಲೆಂದು ಹೊರಬಾಗಿಲಿಗೆ ಅಂಟಿಸಬೇಕು. ಅಂದು ಗಾಳಿ ಜೋರಾಗಿದ್ದುದರಿಂದ ಅವರು ಕಾಗದವನ್ನು ಒತ್ತಿ ಹಿಡಿದುಕೊಂಡರು, ನಾನು ಅಂಟುಪಟ್ಟಿ ಹಚ್ಚಿದೆ.